ಹವಳದ ಹೊದಿಕೆಯೂ ಹುಸಿ ಸಮಾಧಾನವೂ

ಆಸ್ಟ್ರೇಲಿಯಾ ಖಂಡದ ಈಶಾನ್ಯ ತೀರದುದ್ದಕ್ಕೂ ೨೩೦೦ ಕಿಲೋಮೀಟರುಗಳಿಗೆ ಮಿಕ್ಕಿ ಹಬ್ಬಿರುವ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಮಹಾ ಹವಳದ ದಿಬ್ಬವು, ಜೀವಿಗಳು ಕಟ್ಟಿದ ಕಟ್ಟಡಗಳಲ್ಲೆಲ್ಲ ಅತ್ಯಂತ ದೊಡ್ಡದೆಂದು ಪ್ರಸಿದ್ಧವಾಗಿದೆ. ೧೯೮೧ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದರ ಕ್ಷೇಮಸಮಾಚಾರವನ್ನು ವರ್ಷವರ್ಷವೂ ಅಳೆದು ಪ್ರಕಟಿಸುವ ಆಸ್ಟ್ರೇಲಿಯಾದ ಸಾಗರವಿಜ್ಞಾನ ಸಂಸ್ಥೆಯು ೨೦೨೨ರ ಆಗಸ್ಟ್ ತಿಂಗಳಲ್ಲಿ ಒಂದು ವರದಿಯನ್ನು ಹೊರಡಿಸಿತು. ದಿಬ್ಬದ ಉತ್ತರಭಾಗದಲ್ಲಿ ಜೀವಂತ ಹವಳದ ಹೊದಿಕೆಯು ನೂರಕ್ಕೆ ೩೬, ಮಧ್ಯಭಾಗದಲ್ಲಿ ನೂರಕ್ಕೆ ೩೩. ಅಳತೆಯು ಆರಂಭವಾದ ೩೬ ವರ್ಷಗಳಲ್ಲಿ ಈ ಎರಡು ಭಾಗಗಳಲ್ಲಿ ಇಷ್ಟು ಹವಳವು ಎಂದೂ ಕಂಡಿರಲಿಲ್ಲ ಎಂಬುದು ಅದರ ಸಾರಾಂಶ. ಅದೇ ವರದಿಯಲ್ಲಿ ದಕ್ಷಿಣಭಾಗದ ಹೊದಿಕೆಯು ೩೮ರಿಂದ ೩೪ಕ್ಕೆ ಇಳಿದಿತ್ತೆಂಬ ಮಾತೂ ಇತ್ತು. ಆದರೆ ಆ ಮಾತು ಹೆಚ್ಚು ದೂರ ಸಂಚರಿಸಲಿಲ್ಲ. ಮೊದಲಿನ ಎರಡು ಅಂಕಿಗಳು ಮಾತ್ರ ದೇಶದೇಶಗಳ ಪತ್ರಿಕೆಗಳಲ್ಲಿ ಓಡಾಡಿ, ಹವಳವು ಅಳಿಯುತ್ತಿದೆಯೆಂಬ ಕೂಗು ಸುಳ್ಳಾಯಿತೆಂದೂ, ಕಡಲಿನ ಬಿಸಿಯ ವಿಚಾರದಲ್ಲಿ ಇನ್ನು ತಲೆಕೆಡಿಸಿಕೊಳ್ಳಬೇಕಾದುದಿಲ್ಲವೆಂದೂ ಹೇಳುವವರ ಕೈಗೆ ಧ್ವಜಗಳಾದುವು.

ಈ ಸಮಾಧಾನಪಕ್ಷದವರ ವಾದವನ್ನು ಅಲ್ಲಗಳೆಯುವುದಕ್ಕೆ ಮುಂಚೆ ಅದನ್ನು ನ್ಯಾಯವಾಗಿ ಕೇಳುವುದು ಉಚಿತ. ಅವರು ಹೇಳುವುದೇನೆಂದರೆ: ಮೊದಲನೆಯದಾಗಿ, ಹವಳವು ಕೋಟ್ಯಂತರ ವರ್ಷಗಳಿಂದ ಬದುಕಿ ಬಂದ ಕುಲ, ಹಿಮಯುಗಗಳನ್ನೂ ಕಡಲಿನ ಏರಿಳಿತಗಳನ್ನೂ ಅದು ಸಹಿಸಿದೆ. ಎರಡನೆಯದಾಗಿ, ದಿಬ್ಬಕ್ಕೆ ಹಾನಿಮಾಡುವುದು ಬಿಸಿಯೊಂದೇ ಅಲ್ಲ; ಚಂಡಮಾರುತವೂ ಹವಳವನ್ನು ತಿನ್ನುವ ನಕ್ಷತ್ರಮೀನೂ ಬಹುಕಾಲದ ಶತ್ರುಗಳು. ಮೂರನೆಯದಾಗಿ, ೨೦೧೬ರಲ್ಲಿ ದಿಬ್ಬವು ಬಿಳಿಚಿದಾಗ ಅಮೆರಿಕದ ಪತ್ರಿಕೆಯೊಂದು ಅದರ ಚರಮಲೇಖನವನ್ನೇ ಅಚ್ಚುಹಾಕಿತು. ಸತ್ತಿತೆಂದು ಸಾರಲ್ಪಟ್ಟುದು ಆರು ವರ್ಷಗಳೊಳಗೆ ತುಂಬಿ ನಿಂತರೆ, ಸಾರಿದವರ ಮಾತನ್ನು ನಂಬುವುದೆಂತು? ಇದು ಪೂರ್ವಪಕ್ಷ. ಇದರಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾಗದು. ಜೀವವಿರುವುದಕ್ಕೆ ಶ್ರಾದ್ಧಮಾಡುವ ಆತುರವು ವಿಜ್ಞಾನಕ್ಕೆ ಶೋಭಿಸುವುದಲ್ಲ. ಆದರೆ ರೋಗಿಯು ಸತ್ತಿಲ್ಲವೆಂಬ ಮಾತಿಗೂ ರೋಗವಿಲ್ಲವೆಂಬ ಮಾತಿಗೂ ಅಜಗಜಾಂತರವಿದೆ. ಸಮಾಧಾನಪಕ್ಷವು ಮೊದಲನೆಯದನ್ನು ಸಾಧಿಸಿ ಎರಡನೆಯದನ್ನು ಗೆದ್ದಂತೆ ನಟಿಸುತ್ತದೆ. ಆ ವಾದದ ದೋಷವೆಲ್ಲ ಅಡಗಿರುವುದು ಇಲ್ಲಿಯೇ.

ದಿಬ್ಬವನ್ನು ಕಟ್ಟುವ ಹವಳವು ಕೊರಳಿನ ಸರದಲ್ಲಿ ಕೋದ ಕೆಂಪು ಹವಳವಲ್ಲ. ಇವೆರಡೂ ದೂರದ ದಾಯಾದಿಗಳು. ದಿಬ್ಬದ ಹವಳವು ಮೆತ್ತನೆಯ ಮೈಯ, ಬಾಯ ಸುತ್ತ ಕಿರುಬೆರಳುಗಳಂತಹ ಅಂಗಗಳುಳ್ಳ ಒಂದು ಸಣ್ಣ ಪ್ರಾಣಿ. ಸಾವಿರಾರು ಪ್ರಾಣಿಗಳು ಒಂದಕ್ಕೊಂದು ಅಂಟಿಕೊಂಡು, ತಮ್ಮಡಿಯಲ್ಲಿ ಸುಣ್ಣವನ್ನು ಕೂಡಿಸುತ್ತ ಹೋಗಿ ಶತಶತಮಾನಗಳಲ್ಲಿ ದಿಬ್ಬವನ್ನು ಎಬ್ಬಿಸುತ್ತವೆ. ಆದರೆ ಈ ಪ್ರಾಣಿಯು ಒಂಟಿಯಾಗಿ ಈ ಕೆಲಸವನ್ನು ಮಾಡಲಾರದು. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣದಾದ ಪಾಚಿಯು ವಾಸಮಾಡುತ್ತದೆ. ಹವಳವು ಪಾಚಿಗೆ ನೆಲೆಯನ್ನೂ ತನ್ನ ಕಸವನ್ನೂ ಕೊಡುತ್ತದೆ. ಆ ಕಸವೇ ಪಾಚಿಗೆ ಗೊಬ್ಬರ. ಪಾಚಿಯು ಬಿಸಿಲಿನ ಬಲದಿಂದ ಆಹಾರವನ್ನು ತಯಾರಿಸಿ ಹವಳಕ್ಕೆ ಬಡಿಸುತ್ತದೆ. ಹವಳದ ಶಕ್ತಿಯ ಬಹುಭಾಗವು, ಕೆಲವು ಜಾತಿಗಳಲ್ಲಿ ನೂರಕ್ಕೆ ೯೦ರವರೆಗೂ, ಈ ಅಡಿಗೆಮನೆಯಿಂದಲೇ ಬರುವುದು. ಹವಳದ ಬಣ್ಣದಲ್ಲಿ ಬಹುಪಾಲು ಈ ಪಾಚಿಯ ಬಣ್ಣ.

ನೀರಿನ ಬಿಸಿಯು ಆ ಸ್ಥಳದ ಬೇಸಗೆಯ ರೂಢಿಯ ಮೇಲ್ಮಟ್ಟಕ್ಕಿಂತ ಒಂದೇ ಒಂದು ಡಿಗ್ರಿ ಹೆಚ್ಚಾಗಿ ನಾಲ್ಕು ವಾರ ನಿಂತರೆ ಸಾಕು, ಈ ಸಂಸಾರವು ಒಡೆಯುತ್ತದೆ. ಬಿಸಿಲೂ ಬಿಸಿಯೂ ಕೂಡಿದಾಗ ಪಾಚಿಯ ಅಡಿಗೆಯು ಕೆಟ್ಟು, ಆಹಾರದ ಬದಲು ವಿಷವಸ್ತುಗಳು ಹುಟ್ಟತೊಡಗುತ್ತವೆ. ಹವಳವು ಪಾಚಿಯನ್ನು ಹೊರದೂಡುತ್ತದೆ. ಬಣ್ಣ ಹೋದ ತೆಳುಮೈಯ ಮೂಲಕ ಒಳಗಿನ ಬಿಳಿಯ ಸುಣ್ಣವು ಕಾಣುತ್ತದೆ. ಇದೇ ಬಿಳಿಚುವಿಕೆ. ಬಿಳಿಚಿದ ಹವಳವು ಕೂಡಲೇ ಸಾಯುವುದಿಲ್ಲ, ಅದು ಉಪವಾಸವಿರುತ್ತದೆ. ಬಿಸಿ ಬೇಗನೆ ಇಳಿದರೆ ಪಾಚಿಯು ಮರಳಿ ಬರಬಹುದು. ಇಳಿಯದಿದ್ದರೆ ಹವಳವು ಸತ್ತು, ಅದರ ಎಲುಬಿನ ಮೇಲೆ ಬೇರೊಂದು ಬಗೆಯ ಪಾಚಿ, ನೂಲಿನಂತಹ ಹಸಿರು ಲೋಳೆ, ಮೆತ್ತಿಕೊಳ್ಳುತ್ತದೆ. ಒಳಗಿದ್ದ ಪಾಚಿಯು ಅನ್ನದಾತ. ಹೊರಗೆ ಬಂದು ಕೂತ ಪಾಚಿಯು ವಾರಸುದಾರ. ಇದೇನೂ ಹೊಸದಾಗಿ ಕಟ್ಟಿದ ಕಥೆಯಲ್ಲ. ೧೯೨೮–೨೯ರಲ್ಲಿ ಮಾರಿಸ್ ಯಂಗ್ ಎಂಬ ಆಂಗ್ಲ ವಿಜ್ಞಾನಿಯ ನೇತೃತ್ವದಲ್ಲಿ ಒಂದು ತಂಡವು ಈ ಮಹಾದಿಬ್ಬದ ಲೋ ಐಲ್ಸ್ ಎಂಬ ಕಿರುದ್ವೀಪಗಳಲ್ಲಿ ಸುಮಾರು ಒಂದು ವರ್ಷ ಬಿಡಾರಮಾಡಿತ್ತು. ಬಿಸಿಯೇರಿದ ನೀರಿನಲ್ಲಿ ಹವಳವು ಪಾಚಿಯನ್ನು ಹೊರದೂಡುವುದನ್ನು ಅವರು ಆಗಲೇ ಕಂಡು ಬರೆದಿಟ್ಟರು. ಆಗ ಅದು ಒಂದೆರಡು ಸ್ಥಳಗಳ ವಿಚಿತ್ರ. ಅದೇ ವ್ಯಾಪಾರವು ಮಹಾದಿಬ್ಬದ ನೂರಾರು ಮೈಲಿಗಳನ್ನು ಒಮ್ಮೆಲೇ ಆವರಿಸಿದುದು ೧೯೯೮ರಲ್ಲಿ. ಬಳಿಕ ೨೦೦೨, ೨೦೧೬, ೨೦೧೭, ೨೦೨೦, ೨೦೨೨, ೨೦೨೪, ೨೦೨೫ರಲ್ಲಿ. ಈ ವರ್ಷಗಳ ನಡುವಣ ಅಂತರವನ್ನು ವಾಚಕರು ಒಮ್ಮೆ ಬೆರಳೆಣಿಸಿ ನೋಡಲಿ. ಮುಂದೆ ಹೇಳತಕ್ಕ ವಿಚಾರವೆಲ್ಲ ಆ ಎಣಿಕೆಯಲ್ಲಿದೆ.

ಇನ್ನು ಆ ಪ್ರಸಿದ್ಧ ಅಂಕಿಯ ವಿಚಾರ. ಅದು ಹೇಗೆ ಹುಟ್ಟುತ್ತದೆಂಬುದನ್ನು ಅರಿಯದೆ ಅದನ್ನು ಸಾಕ್ಷಿಯಾಗಿ ಕರೆಯುವುದು ಸಲ್ಲದು. ದೋಣಿಯೊಂದರ ಹಿಂದೆ ಹಗ್ಗದ ತುದಿಯಲ್ಲಿ ಹಲಗೆಯನ್ನು ಹಿಡಿದ ವೀಕ್ಷಕನು ನೀರಿನ ಮೇಲ್ಗಡೆ ತೇಲುತ್ತ ದಿಬ್ಬದ ಅಂಚನ್ನು ಸುತ್ತುತ್ತಾನೆ. ಎರಡೆರಡು ನಿಮಿಷಕ್ಕೊಮ್ಮೆ ದೋಣಿ ನಿಲ್ಲುತ್ತದೆ. ಆ ಅವಧಿಯಲ್ಲಿ ಕೆಳಗೆ ಕಂಡ ನೆಲದಲ್ಲಿ ಗಟ್ಟಿಹವಳವು ನೂರಕ್ಕೆ ಎಷ್ಟು ಭಾಗವನ್ನು ಮುಚ್ಚಿತ್ತೆಂಬುದನ್ನು ಅವನು ಕಣ್ಣಂದಾಜಿನಿಂದ ಗುರುತುಹಾಕುತ್ತಾನೆ. ಹೀಗೆ ಅನೇಕ ದಿಬ್ಬಗಳನ್ನು ಸುತ್ತಿ ಸರಾಸರಿ ತೆಗೆದುದೇ ಹೊದಿಕೆಯ ಅಂಕಿ. ಇದು ಪ್ರಾಮಾಣಿಕವಾದ, ಬೆಲೆಯುಳ್ಳ ಕೆಲಸ. ನಾಲ್ಕು ದಶಕಗಳ ಕಾಲ ಒಂದೇ ರೀತಿಯಿಂದ ನಡೆದುಬಂದ ಇಂತಹ ಲೆಕ್ಕವು ಜಗತ್ತಿನಲ್ಲಿ ವಿರಳ. ಆದರೆ ಅದು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ನೆಲವೆಷ್ಟು ಮುಚ್ಚಿದೆಯೆಂದು ಅದು ಹೇಳುತ್ತದೆ. ಮುಚ್ಚಿದ ಹವಳವು ಯಾವ ಜಾತಿಯದು, ಅದರ ವಯಸ್ಸೆಷ್ಟು, ಮೊದಲಿದ್ದವು ಎಲ್ಲಿ ಹೋದುವು ಎಂಬುದನ್ನು ಅದು ಹೇಳುವುದಿಲ್ಲ. ಬಿಳಿಚಿದ ಹವಳವು ಸಾಯುವವರೆಗೆ ಜೀವಂತವೆಂದೇ ಲೆಕ್ಕ. ೨೦೨೨ರ ಬೇಸಗೆಯಲ್ಲಿಯೇ ದಿಬ್ಬವು ಮತ್ತೊಮ್ಮೆ ಬಿಳಿಚಿತ್ತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ದಾಖಲೆಯ ಹೊದಿಕೆಯ ಸುದ್ದಿ ಬಂದಿತು. ಇವೆರಡರಲ್ಲಿ ವಿರೋಧವೇನೂ ಇಲ್ಲ. ವಿರೋಧವಿರುವುದು ಒಂದನ್ನು ಮರೆತು ಇನ್ನೊಂದನ್ನು ಸಾರಿದವರ ಮಾತಿನಲ್ಲಿ.

ಹಾಗಾದರೆ ತಿರುಗಿ ತುಂಬಿಬಂದುದು ಯಾವ ಹವಳ? ಅದನ್ನೂ ಅದೇ ಸಂಸ್ಥೆಯವರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಹೆಚ್ಚಿನ ಭಾಗವು ಅಕ್ರೊಪೋರಾ ಎಂಬ ಕವಲುಕೊಂಬಿನ, ಮೇಜಿನಾಕಾರದ ಹವಳ. ಇದು ವರ್ಷಕ್ಕೆ ಹತ್ತು ಸೆಂಟಿಮೀಟರುಗಳವರೆಗೂ ಬೆಳೆಯಬಲ್ಲದು. ಗುಂಡುಬಂಡೆಯಂತೆ ಬೆಳೆಯುವ ಪೊರೈಟಿಸ್ ಜಾತಿಯ ಹವಳವಾದರೋ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರು ಮಾತ್ರ ಏರುತ್ತದೆ. ಆಳೆತ್ತರದ ಒಂದು ಬಂಡೆಯು ಅನೇಕ ತಲೆಮಾರುಗಳ ಗಳಿಕೆ. ಬೇಗನೆ ಬೆಳೆಯುವ ಅಕ್ರೊಪೋರಾವು ಬೇಗನೆ ಮುರಿಯುವುದೂ ಹೌದು. ಅಲೆಯ ಹೊಡೆತಕ್ಕೆ ಮೊದಲು ಒಡೆಯುವುದು ಅದೇ. ಬಿಸಿಗೆ ಮೊದಲು ಬಿಳಿಚುವುದು ಅದೇ. ಮುಳ್ಳುಕಿರೀಟದ ನಕ್ಷತ್ರಮೀನಿಗೆ ಅತ್ಯಂತ ಪ್ರಿಯವಾದ ಆಹಾರವೂ ಅದೇ.

ಘಟ್ಟದ ಹೆಮ್ಮರಗಳ ಕಾಡೊಂದು ಕಿಚ್ಚಿಗೆ ಬಿದ್ದಿತೆನ್ನೋಣ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿ ಆಳೆತ್ತರದ ಪೊದೆ ಹಬ್ಬುತ್ತದೆ. ದೂರದ ಗುಡ್ಡದ ಮೇಲೆ ನಿಂತು ನೋಡಿದವನಿಗೆ ಹಸಿರು ಮೊದಲಿನಷ್ಟೇ ಕಾಣುತ್ತದೆ, ಮೊದಲಿಗಿಂತಲೂ ದಟ್ಟವಾಗಿ ಕಂಡರೂ ಆಶ್ಚರ್ಯವಿಲ್ಲ. ಅವನು ಊರಿಗೆ ಇಳಿದುಬಂದು ಕಾಡು ಕ್ಷೇಮವಾಗಿದೆಯೆಂದು ಡಂಗುರ ಹೊಡೆಯಬಹುದು. ಆದರೆ ಆ ಕಾಡಿನೊಳಗೆ ಬಾಳಿದವನು ಮರವೆಲ್ಲಿ, ಮರದ ಪೊಟರೆಯಲ್ಲಿ ಗೂಡುಕಟ್ಟಿದ ಹಕ್ಕಿಯೆಲ್ಲಿ ಎಂದು ಕೇಳುತ್ತಾನೆ. ಅಷ್ಟೇ ಅಲ್ಲ, ಮುಂದಿನ ಕಿಚ್ಚಿಗೆ ಆ ಒಣಪೊದೆಯೇ ಒಳ್ಳೆಯ ಸೌದೆಯೆಂಬುದೂ ಅವನಿಗೆ ತಿಳಿದಿರುತ್ತದೆ.

ಆ ಮುಂದಿನ ಕಿಚ್ಚು ತಡಮಾಡಲಿಲ್ಲ. ೨೦೨೪ರ ಬೇಸಗೆಯಲ್ಲಿ ಹವಳಸಮುದ್ರದ ನೀರು ಹಿಂದಿನ ನಾಲ್ಕು ಶತಮಾನಗಳಲ್ಲಿ ಎಂದೂ ಇಲ್ಲದಷ್ಟು ಬಿಸಿಯೇರಿತೆಂದು ಹಳೆಯ ಹವಳಗಳ ಎಲುಬಿನಲ್ಲಿ ಉಳಿದ ಗುರುತುಗಳನ್ನು ಓದಿದ ವಿಜ್ಞಾನಿಗಳು ಅದೇ ವರ್ಷ ಪ್ರಕಟಿಸಿದರು. ೨೦೨೫ರ ಆಗಸ್ಟ್ ತಿಂಗಳಲ್ಲಿ ಅದೇ ಸಾಗರವಿಜ್ಞಾನ ಸಂಸ್ಥೆಯು, ಅದೇ ದೋಣಿ, ಅದೇ ಹಲಗೆ, ಅದೇ ಕಣ್ಣಳತೆಯಿಂದ ತೆಗೆದ ಹೊಸ ಲೆಕ್ಕವನ್ನು ಮುಂದಿಟ್ಟಿತು. ಒಂದೇ ವರ್ಷದಲ್ಲಿ ಉತ್ತರಭಾಗದ ಹೊದಿಕೆಯು ೩೯.೮ರಿಂದ ೩೦ಕ್ಕೆ ಇಳಿದಿತ್ತು, ಮಧ್ಯಭಾಗದ್ದು ೩೩.೨ರಿಂದ ೨೮.೬ಕ್ಕೆ, ದಕ್ಷಿಣಭಾಗದ್ದು ೩೮.೯ರಿಂದ ೨೬.೯ಕ್ಕೆ. ಉತ್ತರ ದಕ್ಷಿಣಗಳೆರಡರಲ್ಲಿಯೂ ಅಳತೆಯಾರಂಭವಾದ ಮೇಲೆ ಒಂದು ವರ್ಷದಲ್ಲಿ ಇಷ್ಟು ದೊಡ್ಡ ಇಳಿತವು ಕಂಡಿರಲಿಲ್ಲ. ಹೆಚ್ಚಾಗಿ ಸತ್ತುದು ಅಕ್ರೊಪೋರಾ. ೨೦೨೨ರ ಅಂಕಿಗೆ ಡಂಗುರ ಹೊಡೆದವರು ೨೦೨೫ರ ಅಂಕಿಗೆ ಅಷ್ಟೇ ದೊಡ್ಡ ಡಂಗುರವನ್ನು ಹೊಡೆದಿದ್ದರೆ ಅವರ ಸತ್ಯನಿಷ್ಠೆಯನ್ನು ಮೆಚ್ಚಬಹುದಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರು, ಆ ಕುಲಾವಿಯನ್ನು ಈಗ ಎಲ್ಲಿ ಬಚ್ಚಿಟ್ಟರೋ ತಿಳಿಯದು.

ಇಲ್ಲಿ ಸಮಾಧಾನಪಕ್ಷದವರು ಬೇರೊಂದು ಹಾದಿ ಹಿಡಿಯುತ್ತಾರೆ. ಏರುವುದೂ ಇಳಿಯುವುದೂ ದಿಬ್ಬದ ಸ್ವಭಾವವೇ ಸರಿ, ಇಳಿದುದು ಮತ್ತೆ ಏರುವುದು ಎನ್ನುತ್ತಾರೆ. ಏರುವ ಶಕ್ತಿ ಹವಳಕ್ಕಿದೆಯೆಂಬುದರಲ್ಲಿ ವಿವಾದವಿಲ್ಲ. ವಿವಾದವಿರುವುದು ಏರುವುದಕ್ಕೆ ಬೇಕಾದ ಕಾಲವು ಅದಕ್ಕೆ ದೊರೆಯುತ್ತದೆಯೇ ಎಂಬುದರಲ್ಲಿ. ಅತ್ಯಂತ ಬೇಗ ಬೆಳೆಯುವ ಹವಳಗಳ ದಿಬ್ಬಕ್ಕೂ ಚೇತರಿಕೆಗೆ ಸುಮಾರು ಹತ್ತು ವರ್ಷಗಳು ಬೇಕು. ನಿಧಾನವಾಗಿ ಬೆಳೆಯುವ ಜಾತಿಗಳಿಗೆ ಅದರ ಅನೇಕ ಪಟ್ಟು. ಟೆರಿ ಹ್ಯೂಸ್ ಮೊದಲಾದ ವಿಜ್ಞಾನಿಗಳು ಜಗತ್ತಿನ ೧೦೦ ದಿಬ್ಬಪ್ರದೇಶಗಳ ೧೯೮೦ರಿಂದ ೨೦೧೬ರವರೆಗಿನ ಇತಿಹಾಸವನ್ನು ಒಟ್ಟುಗೂಡಿಸಿ ೨೦೧೮ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ತೀವ್ರವಾದ ಬಿಳಿಚುವಿಕೆಯು ೧೯೮೦ರ ದಶಕದ ಆದಿಯಲ್ಲಿ ೨೫–೩೦ ವರ್ಷಗಳಿಗೊಮ್ಮೆ ಮರಳುತ್ತಿದ್ದುದು ಈಗ ಸುಮಾರು ಆರು ವರ್ಷಗಳಿಗೊಮ್ಮೆ ಮರಳುತ್ತಿದೆ. ಮಹಾದಿಬ್ಬದಲ್ಲಿಯಾದರೋ ೨೦೧೬ರಿಂದ ೨೦೨೫ರೊಳಗೆ ಆರು ಸಲ. ಜ್ವರವು ಬಿಟ್ಟು ಗಂಜಿ ಕುಡಿಯುವಷ್ಟರಲ್ಲಿ ಮತ್ತೆ ಜ್ವರ ಬರುವ ರೋಗಿಯನ್ನು ನೋಡಿ, ಮೈಯಲ್ಲಿ ಗುಣಹೊಂದುವ ಶಕ್ತಿ ಚೆನ್ನಾಗಿದೆಯೆಂದು ಹೊಗಳುವ ವೈದ್ಯನನ್ನು ಯಾರು ಮನೆಗೆ ಕರೆದಾರು? ಕೋಟ್ಯಂತರ ವರ್ಷ ಬದುಕಿದ ಕುಲವೆಂಬ ವಾದಕ್ಕೂ ಇದೇ ಉತ್ತರ. ಆ ಕುಲವು ಹಿಂದಿನ ಮಾರ್ಪಾಟುಗಳಿಗೆ ಸಾವಿರಾರು ವರ್ಷಗಳ ಅವಕಾಶ ಪಡೆದು ಹೊಂದಿಕೊಂಡಿತು. ಹಾಗೆ ಅವಕಾಶ ಸಿಗದಿದ್ದಾಗ ಯುಗಯುಗಗಳ ಕಾಲ ದಿಬ್ಬಗಳೇ ಇಲ್ಲದೆ ಹೋದುವೆಂಬುದಕ್ಕೂ ಬಂಡೆಗಳಲ್ಲಿ ಸಾಕ್ಷ್ಯವಿದೆ. ಹವಳದ ಕುಲವು ಉಳಿಯುವುದೂ ದಿಬ್ಬವು ಉಳಿಯುವುದೂ ಒಂದೇ ಅಲ್ಲ.

ಚಂಡಮಾರುತ, ನಕ್ಷತ್ರಮೀನುಗಳ ವಾದಕ್ಕೆ ಬರೋಣ. ೨೦೧೨ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನವು, ೧೯೮೫ರಿಂದ ಆಚೆಗೆ ೨೭ ವರ್ಷಗಳಲ್ಲಿ ಮಹಾದಿಬ್ಬದ ಹೊದಿಕೆಯು ೨೮ರಿಂದ ೧೩.೮ಕ್ಕೆ ಇಳಿಯಿತೆಂದು ತೋರಿಸಿ, ಆ ನಷ್ಟದಲ್ಲಿ ನೂರಕ್ಕೆ ೪೮ ಭಾಗವನ್ನು ಚಂಡಮಾರುತಕ್ಕೂ ೪೨ ಭಾಗವನ್ನು ನಕ್ಷತ್ರಮೀನಿಗೂ ಹತ್ತೇ ಭಾಗವನ್ನು ಬಿಳಿಚುವಿಕೆಗೂ ಹಂಚಿತ್ತು. ಸಮಾಧಾನಪಕ್ಷಕ್ಕೆ ಇದು ಪ್ರಿಯವಾದ ಲೆಕ್ಕ. ಆದರೆ ಅದು ೨೦೧೨ರವರೆಗಿನ ಲೆಕ್ಕ. ೨೦೧೬ರ ಮಾರ್ಚಿಯಿಂದ ನವೆಂಬರಿನೊಳಗೆ, ಒಂಬತ್ತೇ ತಿಂಗಳಲ್ಲಿ, ದಿಬ್ಬದ ಹವಳದಲ್ಲಿ ನೂರಕ್ಕೆ ಸುಮಾರು ೩೦ ಭಾಗವು ಬಿಸಿಯಿಂದ ನಷ್ಟವಾಯಿತು. ಹೆಚ್ಚು ಪೆಟ್ಟುತಿಂದುದು ಉತ್ತರಭಾಗ. ಜನಸಂಚಾರದಿಂದ ದೂರವಾದ, ನೀರು ತಿಳಿಯಾಗಿದ್ದ, ದಿಬ್ಬದಲ್ಲೆಲ್ಲ ನಿರ್ಮಲವೆನಿಸಿದ್ದ ಭಾಗ. ಮೀನು ಹಿಡಿಯುವುದನ್ನು ನಿಷೇಧಿಸಿದ ವಲಯಗಳಿಗೂ ನಿಷೇಧವಿಲ್ಲದ ವಲಯಗಳಿಗೂ ಬಿಸಿಯು ಭೇದವೆಣಿಸಲಿಲ್ಲ. ೨೦೧೮ರಲ್ಲಿ ಹೊಸದಾಗಿ ನೆಲೆಹಿಡಿದ ಮರಿಹವಳಗಳ ಸಂಖ್ಯೆಯು ಹಿಂದಿನ ರೂಢಿಗಿಂತ ನೂರಕ್ಕೆ ೮೯ ಭಾಗ ಕುಸಿದಿತ್ತು. ತಾಯಿಗಳು ಸತ್ತ ಮನೆಯಲ್ಲಿ ತೊಟ್ಟಿಲು ತೂಗುವುದೆಂತು? ಹಳೆಯ ಶತ್ರುಗಳಿದ್ದಾರೆಂಬುದು ಹೊಸ ಶತ್ರುವಿಲ್ಲವೆಂಬುದಕ್ಕೆ ಪ್ರಮಾಣವಾಗದು. ಇಬ್ಬರು ಕಳ್ಳರಿದ್ದ ಊರಿಗೆ ದರೋಡೆಗಾರನು ಬಂದರೆ, ಕಳ್ಳರು ಮೊದಲಿಂದಲೂ ಇದ್ದರೆಂದು ಬಾಗಿಲು ತೆರೆದಿಟ್ಟು ಮಲಗುವವರಿಲ್ಲ.

ಚೇತರಿಕೆಯು ಸೃಷ್ಟಿಯ ನಿಯಮವೆಂದು ತಿಳಿದವರಿಗೆ ಜಮೈಕಾ ದ್ವೀಪದ ದೃಷ್ಟಾಂತವು ಕಣ್ಣು ತೆರೆಸಬೇಕು. ಅಲ್ಲಿ ಪಾಚಿಯನ್ನು ಮೇಯುವ ಮೀನುಗಳನ್ನು ಜನರು ಹಿಡಿದು ಮುಗಿಸಿದ್ದರು. ೧೯೮೦ರಲ್ಲಿ ಘೋರವಾದ ಚಂಡಮಾರುತವು ಹವಳವನ್ನು ಮುರಿಯಿತು. ೧೯೮೩–೮೪ರಲ್ಲಿ, ಉಳಿದಿದ್ದ ಏಕಮಾತ್ರ ದೊಡ್ಡ ಪಾಚಿಭಕ್ಷಕವಾದ ಮುಳ್ಳುಚೆಂಡಿನಂತಹ ಕಡಲಜೀವಿಯು ರೋಗದಿಂದ ಅಳಿಯಿತು. ೧೯೭೦ರ ದಶಕದ ಕೊನೆಯಲ್ಲಿ ನೂರಕ್ಕೆ ೫೦ಕ್ಕಿಂತ ಹೆಚ್ಚಾಗಿದ್ದ ಹವಳದ ಹೊದಿಕೆಯು ೧೯೯೦ರ ದಶಕದ ಆದಿಯಲ್ಲಿ ಐದಕ್ಕಿಂತ ಕೆಳಗಿಳಿಯಿತು. ಪಾಚಿಯ ಹೊದಿಕೆಯು ನಾಲ್ಕರಿಂದ ೯೨ಕ್ಕೆ ಏರಿತು. ಪಾಚಿಯು ಒಮ್ಮೆ ನೆಲವನ್ನು ಹಿಡಿದರೆ ಮರಿಹವಳಕ್ಕೆ ಕೂಡಲು ಎಡೆಯೇ ಸಿಕ್ಕುವುದಿಲ್ಲ. ಬಿದ್ದುದು ತಾನಾಗಿಯೇ ಏಳುವುದಕ್ಕೆ ಹವಳವು ರಬ್ಬರಿನ ಚೆಂಡಲ್ಲ.

ಇದೆಲ್ಲ ದೂರದ ಸಮುದ್ರದ ಸುದ್ದಿ, ಕನ್ನಡನಾಡಿಗೂ ಇದಕ್ಕೂ ಏನು ಸಂಬಂಧವೆಂದು ಕೇಳುವವರಿರಬಹುದು. ಅವರು ಮಂಗಳೂರಿನ ಹಳೆಯ ಬಂದರಿಗೆ ಹೋಗಿ ನೋಡಲಿ. ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟುಗಳನ್ನು ಹೊತ್ತು ಪಡುವಣಕ್ಕೆ ಹೊರಡುವ ಹಡಗುಗಳ ಗಮ್ಯಸ್ಥಾನವು ಲಕ್ಷದ್ವೀಪ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಅಮಿನಿದಿವಿ ದ್ವೀಪಗಳು ಟಿಪ್ಪುಸುಲ್ತಾನನ ಆಳಿಕೆಯಿಂದ ೧೭೯೯ರಲ್ಲಿ ಇಂಗ್ಲಿಷರ ಕೈಸೇರಿ, ೧೯೫೬ರ ನವೆಂಬರ್ ಒಂದರವರೆಗೆ ದಕ್ಷಿಣಕನ್ನಡ ಜಿಲ್ಲೆಗೇ ಸೇರಿದ್ದುವು. ದ್ವೀಪದವರು ಹೊಸೆದ ತೆಂಗಿನ ನಾರು ಮಂಗಳೂರಿಗೆ ಬಂದು, ಇಲ್ಲಿಂದ ಅಕ್ಕಿಯು ಅವರ ಒಲೆಗೆ ಹೋಗುತ್ತಿತ್ತು. ಅಂದಮೇಲೆ ಆ ದ್ವೀಪಗಳ ಸುಖದುಃಖವು ಈ ಕರೆಯವರಿಗೆ ನೆರೆಮನೆಯ ಸುದ್ದಿ.

ಲಕ್ಷದ್ವೀಪದ ಮೂವತ್ತಾರು ದ್ವೀಪಗಳ ಒಟ್ಟು ನೆಲವು ಸುಮಾರು ೩೨ ಚದರ ಕಿಲೋಮೀಟರುಗಳು. ಅದರಲ್ಲಿ ೨೦೧೧ರ ಜನಗಣತಿಯಂತೆ ೬೪ ಸಾವಿರಕ್ಕೆ ಮಿಕ್ಕಿದ ಜನ. ಆ ನೆಲವು ಹವಳದ್ದೇ. ಸತ್ತ ಹವಳವು ಪುಡಿಯಾಗಿ ಆದ ಮರಳೇ ಅಲ್ಲಿನ ಮಣ್ಣು. ಜೀವಂತ ಹವಳದ ದಿಬ್ಬವೇ ಮಳೆಗಾಲದ ತೆರೆಗಳನ್ನು ತಡೆಯುವ ಕೋಟೆ. ಮಳೆಯ ಸಿಹಿನೀರು ಆ ಮರಳಿನಡಿಯಲ್ಲಿ ಉಪ್ಪುನೀರಿನ ಮೇಲೆ ತೆಳ್ಳನೆಯ ಪದರವಾಗಿ ನಿಲ್ಲುತ್ತದೆ; ಬಾವಿಗೆ ಬರುವುದು ಆ ನೀರು. ಅಲ್ಲಿನ ಬೆಸ್ತರು ಗಾಳದ ಕೋಲಿನಿಂದ ಟ್ಯೂನಾ ಹಿಡಿಯುತ್ತಾರೆ; ಅದಕ್ಕೆ ಬೇಕಾದ ಸಣ್ಣ ಎರೆಮೀನು ದಿಬ್ಬದ ಆಶ್ರಯದಲ್ಲಿ ಬೆಳೆಯುತ್ತದೆ. ಹೀಗೆ ನೆಲ, ನೀರು, ಅನ್ನ ಮೂರೂ ಒಂದು ಸಣ್ಣ ಪ್ರಾಣಿ ಮತ್ತು ಅದರೊಳಗಿನ ಪಾಚಿಯ ಸಂಸಾರದ ಮೇಲೆ ನಿಂತಿವೆ. ಸತ್ತ ದಿಬ್ಬವು ಬೆಳೆಯುವುದಿಲ್ಲ, ಸವೆಯುತ್ತದೆ. ಕಡಲಿನ ಮಟ್ಟವಾದರೋ ಏರುತ್ತಿದೆ.

ಮೈಸೂರಿನಲ್ಲಿ ನೆಲೆಯುಳ್ಳ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆಯ ವಿಜ್ಞಾನಿಗಳು ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳ ದಿಬ್ಬಗಳನ್ನು ೧೯೯೮ರಿಂದ ಬಿಡದೆ ನೋಡುತ್ತ ಬಂದಿದ್ದಾರೆ. ೧೯೯೮, ೨೦೧೦, ೨೦೧೬ರ ಮೂರು ಬಿಸಿಯಲೆಗಳನ್ನು ಕಂಡ ಅವರ ಲೆಕ್ಕದಂತೆ, ೧೯೯೮ರಲ್ಲಿ ನೂರಕ್ಕೆ ೩೭ ಇದ್ದ ಹವಳದ ಹೊದಿಕೆಯು ೨೦೨೨ರಲ್ಲಿ ೧೯. ಇಪ್ಪತ್ತನಾಲ್ಕು ವರ್ಷಗಳಲ್ಲಿ ಅರ್ಧಕ್ಕರ್ಧ ಹೋಯಿತು. ಆ ಅಧ್ಯಯನದಲ್ಲಿ ಎಲ್ಲಕ್ಕಿಂತ ಗಮನಾರ್ಹವಾದ ಮಾತೆಂದರೆ, ಪ್ರತಿಯೊಂದು ಪೆಟ್ಟಿನ ಬಳಿಕವೂ ಹವಳವು ಏಳಲೆತ್ನಿಸಿತು, ಆದರೆ ಆರು ವರ್ಷಗಳ ಬಿಡುವು ದೊರೆತ ಮೇಲೆಯೇ ಆ ಏಳುವಿಕೆಗೆ ವೇಗ ಬಂದಿತು ಎಂಬುದು. ಶಕ್ತಿಯಿದೆ, ಕಾಲವಿಲ್ಲ. ಮಹಾದಿಬ್ಬವು ದೊಡ್ಡ ಅಕ್ಷರದಲ್ಲಿ ಹೇಳಿದುದನ್ನೇ ಈ ಕಿರುದ್ವೀಪಗಳು ಸಣ್ಣ ಅಕ್ಷರದಲ್ಲಿ ಹೇಳುತ್ತಿವೆ. ೨೦೨೪ರಲ್ಲಿ ಅಲ್ಲಿಯ ಹವಳವು ಮತ್ತೆ ಬಿಳಿಚಿತು.

ಕೊನೆಯದಾಗಿ ಒಂದು ಜಾಣ ಉತ್ತರವು ಕೇಳಿಬರುತ್ತದೆ. ಹವಳದ ತುಂಡುಗಳನ್ನು ಸಸಿಮಡಿಯಲ್ಲಿ ಬೆಳೆಸಿ ದಿಬ್ಬಕ್ಕೆ ನಾಟಿಮಾಡಿದರಾಯಿತು, ಬಿಸಿ ತಾಳುವ ಜಾತಿಗಳನ್ನು ಆರಿಸಿ ಬೆಳೆಸಿದರಾಯಿತು ಎಂದು. ಆ ಕೆಲಸದಲ್ಲಿ ತೊಡಗಿದವರ ಶ್ರದ್ಧೆಯು ವಂದನೀಯ. ಅವರ ಪ್ರಯೋಗಗಳು ನಡೆಯಲೇಬೇಕು. ಆದರೆ ೨೦೨೩ರ ಜುಲೈ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾ ತೀರದಲ್ಲಿ ನಡೆದುದನ್ನು ಮರೆಯಲಾಗದು. ಕಡಲಿನಲ್ಲಿ ಬೆಳೆಸಿದ ಹವಳದ ಸಸಿಗಳನ್ನು ಬಿಸಿಯಿಂದ ಉಳಿಸುವುದಕ್ಕಾಗಿ ಕಡಲಿನಿಂದಲೇ ಎತ್ತಿ ತಂದು ದಡದ ತೊಟ್ಟಿಗಳಲ್ಲಿ ಇಡಬೇಕಾಯಿತು. ಕಡಲಿನ ಜೀವಿಗೆ ಕಡಲೇ ವಾಸಯೋಗ್ಯವಲ್ಲದಾದಾಗ ನಾಟಿಯ ಮಾತು ಉರಿಯುವ ಮನೆಗೆ ಸುಣ್ಣ ಬಳಿಯುವ ಮಾತಾಗುತ್ತದೆ. ಮೊದಲು ಬೆಂಕಿ ಆರಬೇಕು.

ಆ ಬೆಂಕಿಯ ಮೂಲವು ಗುಟ್ಟಲ್ಲ. ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನು ಉರಿಸಿ ಗಾಳಿಗೆ ಸೇರಿಸುವ ಇಂಗಾಲಾಮ್ಲ ವಾಯುವು ೧೯೫೮ರಲ್ಲಿ ಗಾಳಿಯ ಹತ್ತುಲಕ್ಷ ಭಾಗಗಳಲ್ಲಿ ಸುಮಾರು ೩೧೫ ಇದ್ದುದು ೨೦೨೪ರಲ್ಲಿ ೪೨೦ನ್ನು ಮೀರಿದೆ. ಅದು ಹಿಡಿದಿಟ್ಟ ಹೆಚ್ಚುವರಿ ಬಿಸಿಯಲ್ಲಿ ನೂರಕ್ಕೆ ೯೦ಕ್ಕಿಂತ ಹೆಚ್ಚು ಭಾಗವನ್ನು ಸಮುದ್ರವು ನುಂಗಿದೆ. ಭೂಮಿಯ ಸರಾಸರಿ ಉಷ್ಣವು ಯಂತ್ರಯುಗಕ್ಕೆ ಹಿಂದಿನದಕ್ಕಿಂತ ಒಂದೂವರೆ ಡಿಗ್ರಿ ಏರಿದರೆ ಜಗತ್ತಿನ ಹವಳದಲ್ಲಿ ನೂರಕ್ಕೆ ೭೦ರಿಂದ ೯೦ ಭಾಗವೂ, ಎರಡು ಡಿಗ್ರಿ ಏರಿದರೆ ೯೯ಕ್ಕಿಂತ ಹೆಚ್ಚು ಭಾಗವೂ ಹೋಗುವುದೆಂದು ಹವಾಮಾನ ವಿಚಾರದ ಅಂತರಸರ್ಕಾರಿ ಮಂಡಲಿಯು ೨೦೧೮ರಲ್ಲಿ ಹೇಳಿತು. ಅರ್ಧ ಡಿಗ್ರಿಯ ಈ ಅಂತರದಲ್ಲಿ ಅಳಿದುಳಿದ ಹತ್ತನೆಯ ಒಂದು ಭಾಗದ ಪ್ರಾಣವಿದೆ. ಆದುದರಿಂದ, ಎಲ್ಲವೂ ಮುಗಿಯಿತೆಂದು ಕೈಚೆಲ್ಲುವವನೂ ಸಮಾಧಾನಪಕ್ಷದವನ ಸಹೋದರನೇ. ಒಬ್ಬನು ಮಾಡಬೇಕಾದುದೇನೂ ಇಲ್ಲವೆನ್ನುತ್ತಾನೆ, ಇನ್ನೊಬ್ಬನು ಮಾಡಿ ಪ್ರಯೋಜನವಿಲ್ಲವೆನ್ನುತ್ತಾನೆ. ಉರಿಸುವವರಿಗೆ ಇಬ್ಬರೂ ಸಮಾನವಾಗಿ ಬೇಕಾದವರು.

ಮುಂದಿನ ವರ್ಷಗಳಲ್ಲಿಯೂ ಹೊದಿಕೆಯ ಅಂಕಿ ಬರುತ್ತದೆ. ಒಂದು ವರ್ಷ ಏರುತ್ತದೆ, ಇನ್ನೊಂದು ವರ್ಷ ಇಳಿಯುತ್ತದೆ. ಏರಿದಾಗ ಹಿಗ್ಗುವವರಿಗೂ ಇಳಿದಾಗ ಗೋಳಾಡುವವರಿಗೂ ಕೊರತೆಯಿರದು. ವಿವೇಕಿಯಾದ ವಾಚಕನು ಆ ಅಂಕಿಯನ್ನು ಕೇಳಿ ಸುಮ್ಮನಾಗದೆ ಮೂರು ಪ್ರಶ್ನೆಗಳನ್ನು ಹಾಕಬೇಕು. ಮುಚ್ಚಿದ ಹವಳ ಯಾವುದು? ಅದರ ವಯಸ್ಸೆಷ್ಟು? ಮುಂದಿನ ಬಿಸಿಯಲೆಗೆ ಇನ್ನೆಷ್ಟು ವರ್ಷ? ಮೊದಲೆರಡಕ್ಕೆ ವಿಜ್ಞಾನಿಗಳು ಉತ್ತರ ಕೊಡುತ್ತಾರೆ. ಮೂರನೆಯದಕ್ಕೆ ಉತ್ತರ ಕೊಡಬೇಕಾದವರು ಅವರಲ್ಲ. ಒಲೆಯಲ್ಲಿ ಏನನ್ನು ಉರಿಸುವುದು, ಎಷ್ಟನ್ನು ಉರಿಸುವುದು ಎಂಬುದನ್ನು ನಿರ್ಣಯಿಸುವ ರಾಜ್ಯಗಳು, ಉದ್ಯಮಗಳು, ಜನರು. ಕಡಮತ್ ದ್ವೀಪದ ಬಾವಿಯಲ್ಲಿ ಸಿಹಿನೀರು ನಿಲ್ಲುವುದೋ ಇಲ್ಲವೋ ಎಂಬುದು ಆ ನಿರ್ಣಯವನ್ನು ಕಾದುಕೊಂಡಿದೆ.